ಅಳತೆಗೆ ನಿಂತವಳು

ಆರುನೂರು ರೂಪಾಯಿ ಕೊಟ್ಟೆ. ಬಣ್ಣ ಹಚ್ಚಿದ್ದಕ್ಕಲ್ಲ, ಹಚ್ಚದೆ ಬಿಟ್ಟಿದ್ದಕ್ಕೆ.

ಕಳೆದ ತಿಂಗಳು ಮನೆಗೆ ಬಣ್ಣ ಹಚ್ಚಿಸಿದೆ. ಪುಣೆಯ ಹಡಪಸರದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನನ್ನ ಮನೆ. ಗೋಡೆಗಳೆಲ್ಲ ಮುಗಿದ ಮೇಲೆ ಪೇಂಟರ್ ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ಬಂದ. ಇದರ ಬಲಗಡೆಯ ಪಟ್ಟಿಯನ್ನು ಮಾತ್ರ ಮುಟ್ಟಬೇಡ ಎಂದೆ. ಅವನು ಕುಂಚ ಕೆಳಗಿಟ್ಟ. ಎರಡು ಕಡೆ ಹೊಳೆಯುವ ಎಣ್ಣೆಬಣ್ಣ, ಒಂದು ಕಡೆ ಹಳೆಯ ಕಾಫಿಬಣ್ಣ ಇದ್ದರೆ ನೋಡಿದವರು ತನ್ನ ಕೆಲಸಕ್ಕೆ ನಗುತ್ತಾರೆ, ಮೇಲಾಗಿ ಅಂಚಿಗೆಲ್ಲ ಕಾಗದದ ಟೇಪು ಅಂಟಿಸಿ ಜೋಪಾನ ಮಾಡಬೇಕು, ಅದಕ್ಕೆ ಬೇರೆ ಕೂಲಿ ಎಂದು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿ, ಆರುನೂರು ಎಂದ. ಆಗಲಿ ಎಂದೆ.

ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಇದೇ ಪೇಂಟರ್ ಜೊತೆ ಇಡೀ ಮನೆಯ ಗುತ್ತಿಗೆಗೆ ಎರಡು ಸಂಜೆ ಜಗ್ಗಾಡಿದವಳು ನಾನು. ಮೊದಲನೆಯ ಸಂಜೆ ಅವನು ಸಿಟ್ಟಿನಿಂದ ಎದ್ದು ಹೋದ. ಎರಡನೆಯ ಸಂಜೆ ನಾನು ಎದ್ದು ಹೋದೆ. ನನ್ನ ಮನೆಯಿಂದ ನಾನೇ ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತು, ಅವನೇ ಕರೆದ ಮೇಲೆ ಒಳಗೆ ಬಂದೆ. ಅಂಥವಳು ಕೇಳಿದಷ್ಟನ್ನು ಕೇಳಿದ ಕೂಡಲೆ ಕೊಡುತ್ತೇನೆಂದಾಗ ಅವನಿಗೆ ಹೆದರಿಕೆಯಾಯಿತು. "ಕಾಕೂ, ತಬ್ಯೇತ ಬರೀ ಆಹೆ ನಾ?" ಎಂದು ನನ್ನ ಆರೋಗ್ಯ ವಿಚಾರಿಸಿದ. ಚಿಕ್ಕಮ್ಮನ ವಯಸ್ಸಿನವರೆಲ್ಲ ಇಲ್ಲಿ ಕಾಕೂ.

ಚೌಕಾಸಿ ಎಂದರೆ ದುಡ್ಡು ಉಳಿಸುವುದು ಎಂದು ತಿಳಿದವರು ಅದನ್ನು ಎಂದೂ ಸರಿಯಾಗಿ ಮಾಡಿದವರಲ್ಲ. ಅದು ಮಾತು ಬೆಳೆಸುವ ವಿದ್ಯೆ. ಮದುವೆಯಾಗಿ ಬೆಳಗಾವಿಯಿಂದ ಪುಣೆಗೆ ಬಂದ ಹೊಸದರಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ರವಿಕೆ ಖಣ ತರಿಸಿ ಮನೆಯಲ್ಲೇ ಮಾರುತ್ತಿದ್ದೆ. ಆಮೇಲೆ ಕ್ಯಾಂಪ್ ಪೇಟೆಯಲ್ಲಿ ಒಂದು ಅಂಗಡಿ ಹಿಡಿದೆ. ಮರಾಠಿ ಕಲಿತದ್ದು ಪುಸ್ತಕದಿಂದಲ್ಲ, ಗಿರಾಕಿಗಳ ಜೊತೆ ಜಗಳಾಡಿ. ಹಡಪಸರದಲ್ಲಿ ಇನ್ನೂ ಕಬ್ಬಿನ ಹೊಲ ಕಾಣುತ್ತಿದ್ದ ಕಾಲಕ್ಕೆ ಈ ಮನೆ ಕೊಂಡಾಗ ಎಲ್ಲರೂ ನಕ್ಕಿದ್ದರು. ಈಗ ಅವರೇ ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನನ್ನ ಬಾಲ್ಕನಿಯ ಕೆಳಗೆ ನಿಂತಿರುತ್ತಾರೆ. ನಗುವುದು ನನ್ನ ಸರದಿ.

ಆದರೆ ಒಂದು ಮಾತು ಹೇಳುತ್ತೇನೆ. ಒಬ್ಬರಿಗಾಗಿ ಮಾಡುವ ಚೌಕಾಸಿಗೆ ಬಲವಿಲ್ಲ. ಪಾವು ಕಿಲೋ ಬೆಂಡೆಕಾಯಿಗೆ ಎಷ್ಟು ಅಂತ ಜಗ್ಗಾಡುತ್ತೀರಿ? ನಮ್ಮ ತರಕಾರಿಯವನು ನನ್ನ ಕೈಚೀಲ ನೋಡಿ, "ರಾಹು ದ್ಯಾ ಕಾಕೂ, ಹಾಗೇ ಒಯ್ಯಿರಿ" ಎಂದುಬಿಡುತ್ತಾನೆ. ಬಿಟ್ಟಿ ಕೊಟ್ಟವನ ಜೊತೆ ಜಗಳ ಆಡುವುದು ಹೇಗೆ? ಚೀಲ ತುಂಬಿ, ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತೇನೆ. ಬಂದ ಮೇಲೆ ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವವರೆಗೆ ಆ ಬಾಯಿ ಮುಚ್ಚಿಯೇ ಇರುತ್ತದೆ.

ಆ ಚೌಕಟ್ಟಿನ ವಿಷಯ ಹೇಳುತ್ತಿದ್ದೆ. ಅದರ ಬಲಗಡೆಯ ಪಟ್ಟಿಯ ಮೇಲೆ ಪೆನ್ಸಿಲ್ ಗೆರೆಗಳಿವೆ. ಮಕ್ಕಳಿರುವ ಮನೆಗಳಲ್ಲಿ ಇಂಥ ಗೆರೆಗಳನ್ನು ನೀವು ನೋಡಿರುತ್ತೀರಿ. ವರ್ಷ ವರ್ಷ ಮೇಲೆ ಏರುತ್ತ ಹೋಗುತ್ತವೆ. ನಮಗೆ ಮಕ್ಕಳಾಗಲಿಲ್ಲ. ಈ ಗೆರೆಗಳು ನನ್ನವು. ಒಂದಷ್ಟು ವರ್ಷ ಒಂದರ ಮೇಲೊಂದು ಕೂತು ದಪ್ಪ ಗೆರೆಯಾಗಿ, ಆಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಕೆಳಗಿಳಿದಿವೆ.

ಎಳೆದವರು ನನ್ನ ಗಂಡ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ಕಲಿಸುವುದು ಅವರಿಗೆ ಉಪಕಸುಬು. ಮುಖ್ಯ ಕಸುಬು ರಜೆ ಸಿಕ್ಕ ಕೂಡಲೆ ಗುಡ್ಡ ಹತ್ತುವುದು. ನನ್ನನ್ನು ನೋಡಲು ಬೆಳಗಾವಿಗೆ ಬಂದ ದಿನ ಅಂಗಳದಲ್ಲಿ ಬಿದ್ದಿದ್ದ ಕಲ್ಲೊಂದನ್ನು ಎತ್ತಿ, ಒರೆಸಿ, ನಾಲಿಗೆ ತಾಗಿಸಿದರು. ಒದ್ದೆಯಾದರೆ ಕಲ್ಲಿನ ಕಣಗಳು ಸ್ಪಷ್ಟ ಕಾಣುತ್ತವಂತೆ. ಕಿಟಕಿಯಲ್ಲಿ ನಿಂತಿದ್ದ ನಮ್ಮ ಅವ್ವ ಒಳಗೆ ಓಡಿ ಬಂದು, "ಇವರಿಗೆ ಫಳಾರ ಲಗೂ ಕೊಡ್ರೆ, ಹಸದಾರ ಕಾಣಸ್ತದ" ಎಂದಳು.

ಅಪ್ಪನದು ಬಟ್ಟೆ ಅಂಗಡಿ. ಕಬ್ಬಿಣದ ಗಜ ಹಿಡಿದು ಬಟ್ಟೆ ಅಳೆಯುವಾಗ ಅವನ ಹೆಬ್ಬೆರಳು ಏನು ಮಾಡುತ್ತಿತ್ತು ಎಂಬುದನ್ನು ಪಕ್ಕದಲ್ಲಿ ಬಟ್ಟೆ ಸುತ್ತಿದ ಥಾನುಗಳ ಮೇಲೆ ಕೂತ ನಾನು ಚಿಕ್ಕಂದಿನಿಂದ ನೋಡಿ ಕಲಿತವಳು. ಎಳೆದು ಅಳೆದರೆ ಗಜಕ್ಕೆ ಒಂದು ಬೆರಳು ಉಳಿಯುತ್ತದೆ. ಹೊಸ ಬಟ್ಟೆಯ ಗಂಜಿ ವಾಸನೆ, ಥಾನು ಬಿಚ್ಚಿದಾಗ ಹಲಗೆಗೆ ಬಡಿಯುವ ಧಪಧಪ ಸದ್ದು, ಮಧ್ಯಾಹ್ನ ಗಿರಾಕಿ ಇಲ್ಲದಾಗ ಅಪ್ಪ ಅದೇ ಗಜವನ್ನು ನನ್ನ ಬೆನ್ನಿಗೆ ಹಚ್ಚಿ "ಬೆಳದ್ಯೋ ಇಲ್ಲೋ" ಎಂದು ನೋಡುತ್ತಿದ್ದದ್ದು, ಎಲ್ಲ ನೆನಪಿದೆ. ಹುಡುಗನ ಕಡೆಯವರು ಹುಡುಗಿಯ ಎತ್ತರ ಕೇಳಿದಾಗಲೂ ಅಪ್ಪನ ಬಾಯಿಂದ ಅಂಗಡಿಯ ಅಳತೆಯೇ ಬಂತು. "ಐದು ಅಡಿ ಮೂರು ಇಂಚು" ಎಂದ.

ಮದುವೆಯಾಗಿ ಬಂದ ವರ್ಷ ದೀಪಾವಳಿ ಮುಗಿದ ಮೇಲೆ ಇವರು ಗುಡ್ಡಕ್ಕೆ ಹೊರಡುವ ತಯಾರಿ ನಡೆಸಿದ್ದರು. ಇದ್ದಕ್ಕಿದ್ದಂತೆ ನನ್ನನ್ನು ಕರೆದು ಆಗಿನ ಬಾಡಿಗೆ ಮನೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದರು. ಹಿಮ್ಮಡಿ ಹಚ್ಚಲು ಹೇಳಿದರು. ತಲೆಯ ಮೇಲೆ ದಪ್ಪನೆಯ ಪುಸ್ತಕವೊಂದನ್ನು ಇಟ್ಟು, ಕೆಳಗೆ ಗೆರೆ ಎಳೆದು, ಟೇಪು ಹಿಡಿದರು. ಹೊಸ ಹೆಂಡತಿಯ ಹತ್ತಿರ ಬರಲು ಇದೊಂದು ನೆವ ಇರಬೇಕೆಂದು ನಾನು ನಾಚಿ ನಿಂತಿದ್ದೆ.

"ಎರಡ ಇಂಚ ಕಮ್ಮಿ ಅದ" ಎಂದರು. "ಐದಡಿ ಒಂದೇ ಇಂಚು. ನಿಮ್ಮ ಅಪ್ಪಾರು ವಾಪಸ್ ತಗೋತಾರೇನು?"

"ಕತ್ತರಿಸಿದ ಬಟ್ಟಿ ವಾಪಸ್ ಇಲ್ಲರಿ. ಅಂಗಡ್ಯಾಗ ಬೋರ್ಡ್ ಹಾಕೇವಿ" ಎಂದೆ.

ಅಳತೆ ಯಾಕೆ ಬೇಕಾಗಿತ್ತೆಂದು ಗುಡ್ಡಕ್ಕೆ ಹೋದ ಮೇಲೆ ತಿಳಿಯಿತು. ಸ್ವಾರಗೇಟದಿಂದ ಬಸ್ಸು ಹಿಡಿದು, ಎಲ್ಲೋ ಇಳಿದು, ಮುಂದೆ ನಡೆದು, ನನ್ನನ್ನು ಒಂದು ಕರಿ ಬಂಡೆಯ ಬುಡದಲ್ಲಿ ನಿಲ್ಲಿಸಿ ಫೋಟೋ ತೆಗೆದರು. ನಾನು ಮದುವೆಯ ಸೀರೆಯನ್ನೇ ಉಟ್ಟಿದ್ದೆ. ಫೋಟೋ ತೊಳೆದು ಬಂದಾಗ ನೋಡಿದರೆ ಇಡೀ ಕಾಗದ ತುಂಬ ಬಂಡೆ, ಕೆಳಗೆ ಒಂದು ಮೂಲೆಯಲ್ಲಿ ಜೀರಿಗೆ ಕಾಳಿನಷ್ಟು ನಾನು. ಜಗಳ ತೆಗೆದೆ. ಅವರಿಗೆ ಜಗಳದ ಕಾರಣವೇ ತಿಳಿಯಲಿಲ್ಲ. "ನೀ ಇಲ್ಲದಿದ್ದರ ಬಂಡಿ ಎಷ್ಟ ದೊಡ್ಡದು ಅಂತ ಮಂದಿಗೆ ಹ್ಯಾಂಗ ತಿಳೀಬೇಕು?" ಎಂದರು. ಕಲ್ಲಿನವರ ಫೋಟೋಗಳಲ್ಲಿ ಅಳತೆಗೆ ಏನಾದರೂ ಇರಲೇಬೇಕು. ಸಣ್ಣ ಕಲ್ಲಾದರೆ ನಾಣ್ಯ, ದೊಡ್ಡದಾದರೆ ಸುತ್ತಿಗೆ, ಗುಡ್ಡವಾದರೆ ಹೆಂಡತಿ.

ಸರಿ, ಹಾಗಾದರೆ ವ್ಯವಹಾರ ಮಾಡೋಣ ಎಂದೆ. ಬಂಡೆಗೆ ನಾಲ್ಕು ಫೋಟೋ ತೆಗೆದರೆ ನನಗೆ ಒಂದು, ಮುಖ ಕಾಣುವಂತೆ. ಒಪ್ಪಿದರು. ಪ್ರತಿ ಸಲವೂ ಒಪ್ಪಿದರು. ಪ್ರತಿ ಸಲವೂ ನನ್ನ ಸರದಿ ಬರುವ ಹೊತ್ತಿಗೆ ರೀಲು ಮುಗಿದಿರುತ್ತಿತ್ತು. ಕ್ಯಾಂಪಿನ ಸಗಟು ವ್ಯಾಪಾರಿಗಳನ್ನು ಬಗ್ಗಿಸಿದ ನಾನು ಜೀವನದುದ್ದಕ್ಕೂ ಒಬ್ಬರಿಗೆ ಸೋತದ್ದು ಹೀಗೆ.

ನಿಲ್ಲುವುದಕ್ಕೂ ಕಟ್ಟಳೆಗಳಿದ್ದವು. ನೆಟ್ಟಗೆ ನಿಲ್ಲಬೇಕು. ಕ್ಯಾಮೆರಾ ಕಡೆ ನೋಡಬಾರದು, ಬಂಡೆ ಕಡೆ ನೋಡಬೇಕು. ನಗಬಾರದು. ನಮ್ಮ ಮನೆಯ ಕಪಾಟಿನಲ್ಲಿ ನನ್ನ ಬೆನ್ನಿನ ಫೋಟೋಗಳು ರಾಶಿ ಬಿದ್ದಿವೆ. ಈ ಮನೆಗೆ ಬಂದ ಮೇಲೂ ವರ್ಷ ವರ್ಷ ದೀಪಾವಳಿಯಾದ ಮೇಲೆ ಅಡಿಗೆಮನೆಯ ಚೌಕಟ್ಟಿಗೆ ಒರಗಿಸಿ ಮತ್ತೆ ಅಳೆಯುತ್ತಿದ್ದರು, ಅಳತೆಯ ಪಟ್ಟಿ ತಪ್ಪಾಗಿದ್ದರೆ ಗುಡ್ಡವೂ ತಪ್ಪಾಗುತ್ತದೆ ಎಂದು. ಕಡೆಕಡೆಯ ವರ್ಷಗಳಲ್ಲಿ ಗೆರೆ ಇಳಿಯತೊಡಗಿದಾಗ ಬಗ್ಗಿ ನೋಡಿ, "ನೀನೂ ಸವೀಲಿಕ್ಕತ್ತಿ, ಗುಡ್ಡಧಂಗ" ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ. ಗುಡ್ಡಕ್ಕಿಂತ ದೊಡ್ಡ ಮಾತು ಅವರಿಗೆ ಗೊತ್ತಿರಲಿಲ್ಲ.

ಒಂದೇ ಒಂದು ಫೋಟೋದಲ್ಲಿ ನಾನು ಕಟ್ಟಳೆ ಮುರಿದಿದ್ದೇನೆ. ಸಾತಾರಾ ರಸ್ತೆಯ ಆಚೆ ಒಂದು ಗುಡ್ಡದ ಕಡಿದಾದ ಮೈ. ಚಪಾತಿಯ ಮೇಲೆ ಚಪಾತಿ ಒಟ್ಟಿದಂತೆ ಕರಿ ಕಲ್ಲಿನ ಪದರ, ನಡುವೆ ಚಟ್ನಿಪುಡಿ ಉದುರಿಸಿದಂತೆ ಕೆಂಪು ಮಣ್ಣಿನ ಒಂದು ಪಟ್ಟೆ. ಬೆಂಕಿಯ ಕಲ್ಲು ಹರಿದು, ಆರಿ, ಮಣ್ಣಾಗಿ, ಅದರ ಮೇಲೆ ಮತ್ತೆ ಹರಿದದ್ದಂತೆ. ರೀಲಿನಲ್ಲಿ ಒಂದೇ ಫೋಟೋ ಉಳಿದಿತ್ತು. ನಾನು ದಣಿದು ಜೋತುಬಿದ್ದಿದ್ದೆ. ಇವರು ದೂರದಿಂದ ಕೂಗಿದರು: "ಏ, ನೆಟ್ಟಗ ನಿಂದ್ರ! ನಿಮ್ಮ ಅಪ್ಪಾರು ಮೊದಲ ಎರಡ ಇಂಚ ನುಂಗ್ಯಾರ, ನೀ ಮತ್ತೆರಡ ನುಂಗಬ್ಯಾಡ!" ನಾನು ಥಟ್ಟನೆ ನೆಟ್ಟಗಾಗಿ, ತಿರುಗಿ ನೋಡಿ, ನಕ್ಕುಬಿಟ್ಟೆ. ಅದೇ ಹೊತ್ತಿಗೆ ಅವರು ಬಟನ್ ಒತ್ತಿದ್ದರು. "ಕೆಡಿಸಿದಿ. ಸ್ಕೇಲು ನಗತಾವೇನು?" ಎಂದು ದಾರಿಯುದ್ದಕ್ಕೂ ಬೈದರು.

ಆ ಫೋಟೋದಲ್ಲಿ ಅವರಿಲ್ಲ. ಅವರು ಯಾವ ಫೋಟೋದಲ್ಲೂ ಇಲ್ಲ, ಯಾವಾಗಲೂ ಕ್ಯಾಮೆರಾದ ಹಿಂದೆಯೇ. ಆದರೆ ಅದರಲ್ಲಿ ನಾನು ನೋಡುತ್ತಿರುವುದು ಅವರನ್ನು. ಅದನ್ನು ಕಾಣಲು ಭೂತಗಾಜು ಬೇಕು, ಜೀರಿಗೆ ಕಾಳಿನ ಮುಖ ಎಷ್ಟು ತಾನೆ ಕಂಡೀತು? ಅವರ ಕಲ್ಲು ನೋಡುವ ಗಾಜು ಈಗ ನನ್ನ ಹತ್ತಿರವೇ ಇದೆ. ಸಂಜೆ ಹೊತ್ತು ಅದನ್ನು ಕಣ್ಣಿಗೆ ಹಿಡಿದು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಸಂಘದ ವಿಷಯ. ಈ ಭಾಗದ ಕಲ್ಲು-ಮಣ್ಣಿನ ವಿಜ್ಞಾನಿಗಳದೊಂದು ಸಂಘವಿದೆ. ಚಳಿಗಾಲದಲ್ಲಿ ವರ್ಷಕ್ಕೊಮ್ಮೆ ಸಮ್ಮೇಳನ ಮಾಡುತ್ತಾರೆ. ಮೊದಲ ದಿನಗಳಲ್ಲಿ ಅವರವರೇ ಭಾಷಣ ಮಾಡಿಕೊಂಡು, ಕಡೆಯ ದಿನ ಜನರಿಗೆಂದು ಬಾಗಿಲು ತೆರೆದು ಪ್ರದರ್ಶನ ಇಡುತ್ತಾರೆ. ನನ್ನ ಗಂಡ ಇದ್ದಾಗಿನಿಂದಲೂ ಸಂಘದ ಖರೀದಿ ನನ್ನ ಕೈಯಲ್ಲಿ. ಹತ್ತು ಲಕ್ಷ ವರ್ಷ ಅತ್ತ ಇತ್ತ ಆದರೂ ಈ ಮಂದಿಗೆ ನಡೆಯುತ್ತದೆ, ಊಟ ಹತ್ತು ನಿಮಿಷ ತಡವಾದರೆ ನಡೆಯುವುದಿಲ್ಲ. ಅಂಥವರು ಅಡಿಗೆಯವನ ಜೊತೆ ಏನು ದರ ಮಾತಾಡಿಯಾರು? ನಾನೇ ಮಾತಾಡುತ್ತೇನೆ. ಬಂದವರಿಗೆ ಕೊಡುವ ಚೀಲಗಳನ್ನು ಉಳಿದ ಖಣದ ತುಂಡುಗಳಲ್ಲಿ ನಾನೇ ಹೊಲಿಸುತ್ತೇನೆ. ಇವರು ಹೋದ ಮೇಲೂ ಈ ಕೆಲಸ ಬಿಟ್ಟಿಲ್ಲ. ಯಾರೂ ಬಿಡು ಅನ್ನಲಿಲ್ಲ, ಮಾಡು ಎಂದೂ ಅನ್ನಲಿಲ್ಲ. ಕೆಲಸ ಮುಗಿಸಿ ಹಿಂದಿನ ಸಾಲಿನಲ್ಲಿ ಕೂತು, ತಿಳಿಯದ ಭಾಷಣಗಳನ್ನು ಕೇಳುತ್ತೇನೆ. ನಡುವೆ ಇವರು ಬಳಸುತ್ತಿದ್ದ ಯಾವುದೋ ಒಂದು ಶಬ್ದ ಬರುತ್ತದೆ. ಅದಕ್ಕಾಗಿಯೇ ಕೂತಿರುತ್ತೇನೆ.

ಪ್ರದರ್ಶನದ ದಿನ ನನಗೆ ಇಷ್ಟದ್ದು "ಕಲ್ಲು ತನ್ನಿ, ಹೆಸರು ಒಯ್ಯಿರಿ" ಎಂಬ ಟೇಬಲ್ಲು. ಯಾರು ಬೇಕಾದರೂ ತಮ್ಮ ಮನೆಯ ಕಲ್ಲು ತಂದು ತೋರಿಸಬಹುದು. ಈ ಸಲ ಒಬ್ಬಾತ ಗುಂಡಗಿನ ಕಲ್ಲೊಂದನ್ನು ಕೂಸಿನಂತೆ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದ. ಡೈನೋಸಾರಿನ ಮೊಟ್ಟೆ ಎಂದು ಅವನ ಮನೆಯವರೆಲ್ಲ ನಂಬಿದ್ದರು. ಇದು ಸಾದಾ ಕರಿಕಲ್ಲು, ಉಳ್ಳಾಗಡ್ಡಿಯ ಹಾಗೆ ಪದರ ಬಿಟ್ಟು ಗುಂಡಗಾಗಿದೆ ಎಂದು ತಿಳಿಹೇಳಿದರು. ಅವನು ಬಗ್ಗಲಿಲ್ಲ. "ಪೂರಾ ಮೊಟ್ಟೆ ಬೇಡ, ಅರ್ಧ ಮೊಟ್ಟೆ ಅಂತಾದರೂ ಬರೆದುಕೊಡಿ, ಮನೆಯಲ್ಲಿ ಮಕ್ಕಳು ಕಾಯುತ್ತಿದ್ದಾರೆ" ಎಂದ. ನನಗೆ ಅವನ ಮೇಲೆ ಅಭಿಮಾನ ಉಕ್ಕಿತು.

ಸಮ್ಮೇಳನಕ್ಕೆ ಸ್ವಲ್ಪ ದಿನ ಮೊದಲು ಸಂಘದ ಜಂಟಿ ಕಾರ್ಯದರ್ಶಿ ಅಶ್ವಿನಿ ನನ್ನ ಅಂಗಡಿಗೆ ಬಂದಿದ್ದಳು. ಧಾರವಾಡದ ಹುಡುಗಿ, ಇಲ್ಲಿ ಸಂಶೋಧನೆ ಮಾಡುತ್ತಾಳೆ. ಇವರನ್ನು ನೋಡಿದವಳೇ ಅಲ್ಲ. ಈ ವರ್ಷ "ಈಗ ಇಲ್ಲದ ಬಂಡೆಗಳು" ಎಂದು ಒಂದು ಸಾಲು ದೊಡ್ಡ ಫೋಟೋ ಹಾಕುತ್ತೇವೆ, ಸರ್ ತೆಗೆದದ್ದು ಏನಾದರೂ ಇದೆಯೇ ಎಂದು ಕೇಳಿದಳು. ಸಾತಾರಾ ರಸ್ತೆಯ ಆ ಗುಡ್ಡವನ್ನು ಒಡೆದು ಜಲ್ಲಿ ಮಾಡಿ ಎಷ್ಟೋ ವರ್ಷವಾಗಿದೆ. ಅದರ ಫೋಟೋ ಇರುವುದು ಅದೊಂದೇ. ಕೊಟ್ಟೆ. ಕೆಲವು ದಿನ ಬಿಟ್ಟು ಅವಳು ಫೋನ್ ಮಾಡಿ, "ಕಾಕೂ, ನಿಮ್ಮ ಹೈಟ್ ಎಷ್ಟ್ರಿ?" ಎಂದಳು. ಯಾಕೆಂದು ಕೇಳುವಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದರು. ಇತ್ತೀಚೆಗೆ ಎಲುಬು ತೋರಿಸಲು ಹೋದಾಗ ಡಾಕ್ಟರು ಅಳೆದದ್ದು ನೆನಪಿತ್ತು. ನಾಲ್ಕು ಅಡಿ ಹನ್ನೊಂದೂವರೆ ಇಂಚು ಎಂದು ಹೇಳಿ ಫೋನಿಟ್ಟೆ. ಆಮೇಲೆ ಯೋಚಿಸಿದೆ, ಸನ್ಮಾನ ಇಟ್ಟುಕೊಂಡಿದ್ದಾರೇನೋ ಎಂದು. ಶಾಲು ಹೊದಿಸಲು ಎತ್ತರ ಯಾಕೆ ಬೇಕು ಎಂಬ ಸಂಶಯ ಬಂದರೂ ಅದನ್ನು ಬೆಳೆಯಲು ಬಿಡಲಿಲ್ಲ. ಬುದ್ಧಿವಂತಳಿಗೂ ಆಸೆ ಎಂಬುದಿರುತ್ತದಲ್ಲ.

ನಮ್ಮ ಕಟ್ಟಡದ ಕೆಳಗೆ ಉಡುಪಿ ಹೋಟೆಲು ನಡೆಸುವ ಶೆಟ್ಟರ ಹೆಂಡತಿ ವಿಮಲಕ್ಕನಿಗೆ, ನನ್ನ ಫೋಟೋ ಗೋಡೆಯಷ್ಟು ದೊಡ್ಡದು ಮಾಡಿ ಹಾಕಿದ್ದಾರೆ, ಬನ್ನಿ ಎಂದು ಹೇಳಿದೆ. ಹೋಟೆಲಿನ ಗದ್ದಲ ಬಿಟ್ಟು ಅವರು ರಿಕ್ಷಾದಲ್ಲಿ ನನ್ನ ಜೊತೆ ಬಂದರು. ನಾನು ಹಸಿರು ಇಳಕಲ್ ಉಟ್ಟಿದ್ದೆ.

ಗೋಡೆಯಷ್ಟು ದೊಡ್ಡದೇ ಇತ್ತು. ಕರಿ ಪದರ, ಕೆಂಪು ಪಟ್ಟೆ, ಎಲ್ಲ ಕಣ್ಣಿಗೆ ಕಟ್ಟುವಂತಿತ್ತು. ವಿಮಲಕ್ಕ ಹತ್ತಿರ ಹೋಗಿ, ದೂರ ನಿಂತು, ಕನ್ನಡಕ ಏರಿಸಿ ನೋಡಿದರು.

"ಚಂದ ಉಂಟು. ಇದರಲ್ಲಿ ನೀವು ಎಲ್ಲಿ ಮಾರಾಯ್ರೆ?"

ನಾನಿರಲಿಲ್ಲ. ಬಂಡೆಯ ಬುಡದಲ್ಲಿ ನಾನು ನಿಂತಿದ್ದ ಜಾಗದಲ್ಲಿ ಕರಿ-ಬಿಳಿ ಪಟ್ಟೆಯ ಒಂದು ಕೋಲು ನಿಂತಿತ್ತು. ನನ್ನನ್ನು ಕಂಪ್ಯೂಟರಿನಲ್ಲಿ ಅಳಿಸಿ, ನನ್ನ ಹಿಂದೆ ಕಾಣದಿದ್ದ ಕಲ್ಲನ್ನೂ ತುಂಬಿ, ಅಳತೆಯ ಕೋಲು ನೆಟ್ಟಿದ್ದರು. ಎಷ್ಟು ಅಚ್ಚುಕಟ್ಟಾಗಿ ಎಂದರೆ ಅಲ್ಲಿ ಎಂದಾದರೂ ಯಾರಾದರೂ ನಿಂತಿದ್ದರು ಎಂದು ನನಗೇ ಅನ್ನಿಸಲಿಲ್ಲ.

"ಈ ಕೋಲು ನೀವಾ?" ಎಂದರು ವಿಮಲಕ್ಕ. ತಮಾಷೆಗೆ ಎಂದದ್ದು. ನನ್ನ ಮುಖ ನೋಡಿ, ಸಮಾಧಾನ ಮಾಡಲು, "ಬನ್ನಿ, ಪಕ್ಕದಲ್ಲಿ ನಿಲ್ಲಿ, ನಾನು ಮೊಬೈಲಲ್ಲಿ ತೆಗೀತೇನೆ" ಎಂದರು. ನಿಂತೆ. ತೆಗೆದದ್ದನ್ನು ತೋರಿಸಿದರು. ನಾನು ಪಕ್ಕದಲ್ಲಿ ನಿಂತದ್ದರಿಂದ ಅದು ಗುಡ್ಡವಾಗಿ ಉಳಿದಿರಲಿಲ್ಲ, ನನ್ನ ಒಂದೂವರೆ ಪಟ್ಟು ಎತ್ತರದ ಬಟ್ಟೆಯ ಹಲಗೆಯಾಗಿತ್ತು. ಅವರ ಗುಡ್ಡ ನನ್ನಿಂದ ಸಣ್ಣದಾಗುವುದು ನೋಡಲಾಗಲಿಲ್ಲ. ದೂರ ಸರಿದು ನಿಂತೆ. ಶಾಲೆಯ ಮಕ್ಕಳು ಬಂದು ಕೋಲಿನ ಪಟ್ಟೆ ಎಣಿಸಿ ಗುಡ್ಡದ ಎತ್ತರ ಬರೆದುಕೊಂಡು ಹೋದರು.

ವಿಮಲಕ್ಕನನ್ನು ಕಳಿಸಿ ಅಶ್ವಿನಿಯನ್ನು ಹುಡುಕಿದೆ. ಚಹಾದ ಮೇಜಿನ ಹತ್ತಿರ ಸಿಕ್ಕಳು.

"ಯಾಕ ಅಳಿಸಿದಿ ನನ್ನ?"

"ಅಯ್ಯ ಕಾಕೂ, ಈಗ ಮನಷ್ಯಾರನ್ನ ಇಡೂದಿಲ್ರಿ, ಪಟ್ಟೀನ ಇಡ್ತೀವಿ. ಮಂದಿ ಬಂಡಿ ಬಿಟ್ಟು ನಿಮ್ಮನ್ನ ನೋಡ್ತಾರ."

"ನೋಡಲಿ! ಸೀರಿ ಉಟ್ಟ ಬಂದಿದ್ದು ಯಾಕ?"

"ಮತ್ತ ನೀವು ನಗಲಿಕ್ಕತ್ತಿದ್ರಿ" ಎಂದು ಅವಳೂ ನಕ್ಕಳು. "ಸ್ಕೇಲ್ ನಗಬಾರದಲ್ರಿ."

ಆ ಮಾತನ್ನು ಆಡಿದ್ದವರ ಗುರುತೂ ಇಲ್ಲದ ಹುಡುಗಿ. ಕಲ್ಲಿನವರೆಲ್ಲ ಒಂದೇ ಜಾತಿ. ಆದರೆ ಚೌಕಾಸಿಯಲ್ಲಿ ಮನಸ್ಸು ಕರಗಿದ್ದನ್ನು ತೋರಿಸಬಾರದು, ಎದುರಿನವರು ದರ ಏರಿಸುತ್ತಾರೆ. ಬೇರೆ ಕಡೆಯಿಂದ ಹಿಡಿದೆ.

"ನಿನ್ನ ಕೋಲು ತಪ್ಪದ. ನನ್ನ ಎತ್ತರದ ಮ್ಯಾಲೆ ಮಾಡೀದಿ ಹೌದಲ್ಲ? ನಾ ಹೇಳಿದ್ದು ಇವತ್ತಿಂದು. ಫೋಟೋ ತಗದಾಗ ನಾ ಒಂದೂವರಿ ಇಂಚು ಜಾಸ್ತಿ ಇದ್ದೆ."

ಅವಳು ಚಹಾ ಕೆಳಗಿಟ್ಟಳು. ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ನಲವತ್ತು ಅಡಿ ಗುಡ್ಡಕ್ಕ ಒಂದು ಅಡಿ ಫರಕ್ ಬರ್ತದ. ಅಷ್ಟು ನಡೀತದ ಬಿಡ್ರಿ ಕಾಕೂ. ಫೋಟೋದಾಗ ಅಷ್ಟು ಆಕಡೆ ಈಕಡೆ ಇದ್ದದ್ದ."

"ನನ್ನ ಅಂಗಡ್ಯಾಗ ಬಂದು ಒಂದು ಅಡಿ ಬಟ್ಟಿ ಬಿಟ್ಟ ಹೋಗ್ತೀಯೇನು? ಗುಡ್ಡ ಅಂತೂ ಇಲ್ಲ, ಇನ್ನ ಹೋಗಿ ಅಳೀಲಿಕ್ಕೆ ಬರೂದಿಲ್ಲ. ಇದ್ದದ್ದರಾಗೂ ಒಂದು ಅಡಿ ಕಳೀಬೇಕೇನು?"

ಅವಳು ನನ್ನ ಮುಖವನ್ನೇ ನೋಡಿದಳು. ಗುಡ್ಡದ ಅಡಿಯ ಬಗ್ಗೆ ನಾನು ಮಾತಾಡುತ್ತಿಲ್ಲ ಎಂದು ಅವಳಿಗೆ ಆಗ ತಿಳಿದಿರಬೇಕು. "ಆವಾಗ ನೀವು ಎಷ್ಟಿದ್ರಿ ಅನ್ನೂದಕ್ಕ ಏನಾರ ಆಧಾರ ಅದ ಏನ್ರಿ?" ಎಂದಳು.

"ನಮ್ಮ ಮನಿ ಬಾಗಿಲದಾಗ ಅದ. ಬಂದು ನೋಡು. ಬರೂದಾದ್ರ ಊಟಕ್ಕ ಬಾ."

ಅವಳು ಮುಂದಿನ ಭಾನುವಾರ ಬಂದಳು. ಮನೆಗೆ ಕರೆಂಟಿನ ಮೀಟರು ನೋಡುವವನು, ಸಿಲಿಂಡರಿನವನು ಬಿಟ್ಟು ಬೇರೆಯವರು ಬಂದು ಎಷ್ಟು ಕಾಲವಾಗಿತ್ತೋ. ನಾನು ಬೆಳಿಗ್ಗೆ ತರಕಾರಿ ಮಂಡಿಗೆ ಹೋಗಿ ಎರಡು ಕಿಲೋ ಬದನೆಕಾಯಿಗೆ ಮನಸಾರೆ ಜಗಳಾಡಿ ಬಂದಿದ್ದೆ. ಎಣಗಾಯಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿದ್ದೆ. ಅವಳು ಮೊದಲು ಅಳತೆ, ಆಮೇಲೆ ಊಟ ಎಂದಳು. ಚೀಲದಿಂದ ಸ್ಟೀಲಿನ ಟೇಪು ತೆಗೆದು ಚೌಕಟ್ಟಿನ ಮುಂದೆ ಮೊಣಕಾಲೂರಿ ಕೂತಳು. ಪ್ರತಿ ಗೆರೆಯ ಪಕ್ಕ ಇವರ ಸಣ್ಣ ಅಕ್ಷರದಲ್ಲಿ ವರ್ಷ ಬರೆದಿತ್ತು. ಆ ಫೋಟೋದ ವರ್ಷದ ಗೆರೆ ಹುಡುಕಿ, ನೆಲದಿಂದ ಟೇಪು ಹಿಡಿದು, ಐದು ಅಡಿ ಒಂದು ಇಂಚು ಎಂದಳು. ಕಾಗದದ ಮೇಲೆ ಲೆಕ್ಕ ಮಾಡಿದಳು. ಗುಡ್ಡ ಒಂದು ಅಡಿ ಬೆಳೆಯಿತು.

"ಸಂಘದ ಸಂಗ್ರಹದಾಗ ಮೂಲ ಫೋಟೋನ ಇಡ್ತೀನಿ ಕಾಕೂ. ನೀವು ಇದ್ದದ್ದು" ಎಂದಳು. "ಕೆಳಗ ಬರೀಬೇಕು, ಅಳತೆಗೆ ನಿಂತವರು ಇಂಥವರು ಅಂತ. ನಿಮ್ಮ ಹೆಸರೇನ್ರಿ?"

ಇಷ್ಟು ವರ್ಷ ಸಂಘದಲ್ಲಿ ಓಡಾಡಿದ್ದೇನೆ, ಎಲ್ಲರಿಗೂ ನಾನು ಕಾಕೂ. ಅಂಗಡಿಯ ಬೋರ್ಡಿನ ಮೇಲೂ ದೇವರ ಹೆಸರಿದೆ. ನನ್ನ ಹೆಸರನ್ನು ಕರೆಯುತ್ತಿದ್ದವರು ಒಬ್ಬರೇ, ಅವರೂ ಹೆಚ್ಚಾಗಿ "ಏ" ಎನ್ನುತ್ತಿದ್ದರು. "ಸುಮಿತ್ರಾ" ಎಂದೆ. ಬಾಯಿಂದ ಹೊರಟ ಶಬ್ದ ನನಗೇ ಹೊಸದೆನಿಸಿತು.

ಬರೆದುಕೊಂಡು, ಟೇಪು ಸುತ್ತುತ್ತಿದ್ದವಳು ಮತ್ತೆ ಚೌಕಟ್ಟಿನ ಕಡೆ ನೋಡಿದಳು. ಎಲ್ಲಕ್ಕಿಂತ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು ವರ್ಷ ಓದಿದಳು. ಅದು ಇವರು ಎಳೆದ ಕಡೆಯ ಗೆರೆ. "ಬರ್ರಿ, ನಿಂದರ್ರಿ ಇಲ್ಲೆ" ಎಂದಳು.

ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತೆ. ಹಿಮ್ಮಡಿ ತಾನಾಗಿಯೇ ಹಿಂದೆ ಹೋಯಿತು. ಅವಳು ಕಪಾಟಿನಿಂದ ದಪ್ಪನೆಯ ಪುಸ್ತಕವೊಂದನ್ನು ತಂದು ತಲೆಯ ಮೇಲಿಟ್ಟಳು. ಪೆನ್ಸಿಲ್ ಕಟ್ಟಿಗೆಯ ಮೇಲೆ ಕಿರ್ರೆಂದಿತು. ತಲೆಯ ಮೇಲೆ ಇನ್ನೊಬ್ಬರ ಕೈಯ ಭಾರ ಎಷ್ಟಿರುತ್ತದೆ ಎಂಬುದನ್ನು ಮರೆತೇಬಿಟ್ಟಿದ್ದೆ. ತಲೆ ಎತ್ತಿ ನೋಡಲು ಹೋದೆ.

"ಅಲಗ್ಯಾಡಬ್ಯಾಡ್ರಿ" ಎಂದಳು.

ತಿರುಗಿ ನೋಡಿದೆ. ಇವರ ಕಡೆಯ ಗೆರೆ ಮೇಲಿತ್ತು, ಅವಳ ಗೆರೆ ಕೆಳಗಿತ್ತು.  ನಡುವೆ ಬೆರಳಗಲ ಖಾಲಿ ಕಟ್ಟಿಗೆ. ಆ ವರ್ಷಗಳಲ್ಲಿ ನಾನು ಯಾರಿಗೂ ಕಾಣದ ಹಾಗೆ ಗಿಡ್ಡಾಗಿದ್ದೆ.

ಊಟ ಮಾಡಿ, ಎರಡು ರೊಟ್ಟಿ ಕಟ್ಟಿಸಿಕೊಂಡು ಹೋದಳು. ದೀಪಾವಳಿಯಾದ ಮೇಲೆ ಬರುತ್ತೇನೆ, ಟೇಪು ತರುತ್ತೇನೆ ಎಂದಿದ್ದಾಳೆ. ಈಗಿನ ಹುಡುಗರು ಹೇಳಿದ ಮಾತನ್ನು ನಾನು ರೊಕ್ಕದಂತೆ ಎಣಿಸಿ ಇಟ್ಟುಕೊಳ್ಳುವುದಿಲ್ಲ. ಆದರೂ ಪೇಂಟರ್ ಬಂದಾಗ, ಕೆಳಗೆ ಇನ್ನೂ ಜಾಗ ಇರಲಿ ಎಂದು ಇಡೀ ಪಟ್ಟಿಯನ್ನು ನೆಲದವರೆಗೆ ಬಿಡಿಸಿದೆ. ಆರುನೂರರ ಲೆಕ್ಕ ಅದು.

ಈಗ ನಿಮಗೆ ಎರಡು ಮಾತು, ಕೇಳಿದರೆ ಲಾಭ ನಿಮ್ಮದೇ. ಫೋಟೋ ತೆಗೆಯುವಾಗ ಅಳತೆಗೆ ನಾಣ್ಯ ಇಡಬೇಡಿ, ನಾಣ್ಯ ಸರಕಾರ ಬದಲಿಸುತ್ತದೆ. ಜನರನ್ನು ನಿಲ್ಲಿಸಿ. ಅವರು ನಕ್ಕರೆ ನಗಲಿ. ಹಿಂದೆ ಅವರ ಹೆಸರು ಬರೆಯಿರಿ, ಕಾಕೂ ಅಂತಲ್ಲ, ಸರಿಯಾದ ಹೆಸರು. ರೀಲು ಮುಗಿಯುವ ಕಾಲ ಈಗಿಲ್ಲ, ಆದ್ದರಿಂದ ಕ್ಯಾಮೆರಾ ಹಿಡಿದವರನ್ನೂ ಒಮ್ಮೆ ಎದುರಿಗೆ ನಿಲ್ಲಿಸಿ. ಅವರು ಒಪ್ಪುವುದಿಲ್ಲ, ಜಗ್ಗಾಡಿ ಒಪ್ಪಿಸಿ, ನಾನು ಸೋತ ಹಾಗೆ ಸೋಲಬೇಡಿ. ಮನೆಯಲ್ಲಿ ಎಷ್ಟೇ ವಯಸ್ಸಾದವರಿರಲಿ, ವರ್ಷಕ್ಕೊಮ್ಮೆ ಬಾಗಿಲಿಗೆ ಒರಗಿಸಿ ಗೆರೆ ಎಳೆಯಿರಿ. ಪೆನ್ಸಿಲ್ ಯಾವುದಾದರೂ ನಡೆಯುತ್ತದೆ, ಪುಸ್ತಕ ಮಾತ್ರ ದಪ್ಪಗಿರಬೇಕು. ನಿಮ್ಮ ಗೆರೆಯನ್ನು ನೀವೇ ಎಳೆದುಕೊಳ್ಳಲು ಹೋಗಬೇಡಿ. ನಾನು ಆ ಖಾಲಿ ವರ್ಷಗಳಲ್ಲಿ ಪ್ರಯತ್ನಿಸಿ ನೋಡಿದ್ದೇನೆ. ಎಷ್ಟು ನೆಟ್ಟಗೆ ನಿಂತರೂ ಕೈ ಎತ್ತಿದ ಕೂಡಲೆ ಪುಸ್ತಕ ಜಾರುತ್ತದೆ. ಅದನ್ನು ಹಿಡಿಯಲು ಇನ್ನೊಂದು ಕೈ ಬೇಕು.